ಬೆರಳಿನದಲ್ಲದ ತಪ್ಪು

ಬೆಳಕು ಹರಿಯುವ ಹೊತ್ತು. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಪುಂಡಲೀಕನಗರದ ಕೂಲಿ ನಾಕಾದಲ್ಲಿ, ದಿನಗೂಲಿಗೆ ಕರೆಯುವವರನ್ನು ಕಾಯುವ ಜಾಗದಲ್ಲಿ, ಗೌಂಡಿಗಳು, ಬಣ್ಣ ಹಚ್ಚುವವರು, ಸರಳು ಕಟ್ಟುವವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದಾರೆ. ಬುತ್ತಿಗಂಟು ಕಾಲ ಬುಡದಲ್ಲಿ, ಕಣ್ಣು ರಸ್ತೆಯ ಮೇಲೆ. ಅವರ ನಡುವೆ ಇಸ್ತ್ರಿ ಮಾಡಿದ ಕುರ್ತಾ ತೊಟ್ಟ ಹುಡುಗಿಯೊಬ್ಬಳು ಬಟ್ಟೆಯ ಚೀಲದಿಂದ ಹಳೆಯ ಫೋನುಗಳನ್ನು ತೆಗೆದು ಚಹಾದಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾಳೆ. ಸಾಲ ಕೊಡುವ ಕಂಪನಿಯವಳಿರಬೇಕೆಂದು ಇಬ್ಬರು ಹೆಂಗಸರು ಮೆಲ್ಲಗೆ ದೂರ ಸರಿಯುತ್ತಾರೆ.

"ಕಾಕಾ, ಒಂದೀಟು ಈ ಬಟನ್ ಒತ್ತಿ ಹಿಡೀರಿ. ಕೈ ತೊಳ್ಯಾಕ ಹೋಗಬ್ಯಾಡ್ರಿ, ಹೆಂಗದಾವ ಹಂಗ ಒತ್ರಿ," ಎನ್ನುತ್ತಾಳೆ ಮಹಾಲಕ್ಷ್ಮಿ.

ಕಲಬುರಗಿ ಕಡೆಯ ಶಿವಕಾಂತ, ಸರಳು ಕಟ್ಟುವವರು, ಅನುಮಾನದಿಂದಲೇ ಒತ್ತುತ್ತಾರೆ. ಪರದೆಯ ಮೇಲೆ ಒಬ್ಬ ಕೋಟೆಯ ಗೋಡೆ ಹತ್ತುತ್ತಿದ್ದಾನೆ. ಬೆರಳು ಒತ್ತಿರುವಷ್ಟು ಹೊತ್ತು ಅವನ ಹಿಡಿತ ಗಟ್ಟಿ, ಬಿಟ್ಟರೆ ಕಂದಕದ ಪಾಲು. ಮಹಾಲಕ್ಷ್ಮಿ ಮಾತ್ರ ಅವನನ್ನು ನೋಡುವುದಿಲ್ಲ, ಶಿವಕಾಂತರ ಹೆಬ್ಬೆರಳನ್ನೇ ನೋಡುತ್ತಾಳೆ. ಅಷ್ಟರಲ್ಲಿ ಆಳುಗಳನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮನ ಟೆಂಪೊ ಬರುತ್ತದೆ. ಗೋಡೆ ಹತ್ತುತ್ತಿದ್ದವನನ್ನು ಅರ್ಧಕ್ಕೇ ಬಿಟ್ಟು ಶಿವಕಾಂತ ಓಡುತ್ತಾರೆ.

"ಕೂಲಿಗೆ ನಿಂತ ಮಂದೀನ ಆಟ ಆಡ್ರಿ ಅಂತ ಕರೀತೀನಲ್ರಿ, ನಾಚ್ಕಿ ಬರತೈತಿ," ಎಂದು ಆಕೆ ಪತ್ರಿಕೆಗೆ ಬರೆಯಲು ಬಂದವರಿಗೆ ಹೇಳುತ್ತ ಫೋನಿನ ಮೇಲಿನ ಸಿಮೆಂಟಿನ ಧೂಳನ್ನು ಒರೆಸಿಕೊಳ್ಳುತ್ತಾಳೆ.

ಇಪ್ಪತ್ತಾರರ ಮಹಾಲಕ್ಷ್ಮಿಯ ಕೆಲಸ ಆಟ ಆಡುವುದು. ಕಂಪ್ಯೂಟರಿನಲ್ಲೂ ಟಿವಿಗೆ ಜೋಡಿಸುವ ಪೆಟ್ಟಿಗೆಗಳಲ್ಲೂ ಹೆಸರು ಮಾಡಿದ ಆಟಗಳನ್ನು ಫೋನಿಗೆ ಇಳಿಸಿಕೊಡುವ ಸಣ್ಣ ಕಂಪನಿಯೊಂದು ಈ ಊರಿನ ಟೈಲ್ಸ್ ಅಂಗಡಿಯ ಮಾಳಿಗೆಯಲ್ಲಿದೆ. ಅಲ್ಲಿ ಹತ್ತಾರು ಗುಂಡಿಗಳಿಂದ ಆಡುತ್ತಿದ್ದುದು ಇಲ್ಲಿ ನುಣ್ಣನೆಯ ಗಾಜಿನ ಮೇಲೆ ಎರಡು ಹೆಬ್ಬೆರಳಿಗೆ ದಕ್ಕಬೇಕು. ದಕ್ಕಿತೋ ಇಲ್ಲವೋ ಎಂದು ಆಡಿ ನೋಡಿ ವರದಿ ಕೊಡುವವರಲ್ಲಿ ಈಕೆಯೂ ಒಬ್ಬಳು. ಆಟವಾಡಿ ಸಂಬಳ ಪಡೆಯುವ ಪುಣ್ಯವಂತೆ ಎಂದು ಹೊಟ್ಟೆ ಉರಿದುಕೊಳ್ಳುವವರು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಅದೇ ಗೋಡೆಯನ್ನು ಹತ್ತಿ, ಅದೇ ಕಂದಕಕ್ಕೆ ಬಿದ್ದು ನೋಡಬೇಕು. ಒಂದು ಆಟ ಮುಗಿದು ಇನ್ನೊಂದು ಬರುವವರೆಗೆ ಸಂಬಳವೂ ಇಲ್ಲ. ಆಗ ಆಕೆ ನಾಸಿಕದ ಬಸ್ಸು ಹತ್ತಿ, ತಾಯಿ ಗುಂಡವ್ವನ ಜೊತೆ ಗಾರೆ ಕಲಸಲು ನಿಲ್ಲುತ್ತಾಳೆ. ಹೀಗಾಗಿ ಆಕೆಯ ಕೈಗೆ ಮಾಯಲು ಪುರುಸೊತ್ತೇ ಸಿಕ್ಕಿಲ್ಲ.

ಗುಂಡವ್ವ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ನಾಸಿಕದ ಎಷ್ಟೋ ಕಟ್ಟಡಗಳಿಗೆ ಗಾರೆ ಹೊತ್ತವರು. ಮಗಳು ನಾಲ್ಕನೆಯ ಇಯತ್ತೆಯವರೆಗೆ ಅಜ್ಜಿಯ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ನಾಸಿಕದ ಮರಾಠಿ ಶಾಲೆ ಸೇರಿದಳು. ಉಸುಕು ಸೋಸುತ್ತ, ಟೈಲ್ಸಿನ ಸಂದಿಗೆ ಸಿಮೆಂಟು ತುಂಬುತ್ತ ಅಂಚೆಯ ಮೂಲಕ ಡಿಗ್ರಿಯನ್ನೂ ಮುಗಿಸಿದಳು. ಡಿಗ್ರಿ ಬರುವಷ್ಟರಲ್ಲಿ ಸಿಮೆಂಟು ಬೆರಳ ತುದಿಯ ಗೆರೆಗಳನ್ನು ತಿಂದು ಮುಗಿಸಿತ್ತು.

ಅದು ಮೊದಲು ಗೊತ್ತಾದದ್ದು ರೇಷನ್ ಅಂಗಡಿಯಲ್ಲಿ. ಹೆಬ್ಬೆರಳು ಒತ್ತುವ ಯಂತ್ರ ತಾಯಿಯನ್ನೂ ಒಪ್ಪುತ್ತಿರಲಿಲ್ಲ, ಮಗಳನ್ನೂ ಒಪ್ಪುತ್ತಿರಲಿಲ್ಲ. "ನಿಮ್ಮ ಬೆರಳೇ ಸರಿಯಿಲ್ಲ," ಎಂದು ಅಂಗಡಿಯವನು ಗದರುತ್ತಿದ್ದ. ಗುಂಡವ್ವ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹೆಬ್ಬೆರಳನ್ನು ಬೈತಲೆಯ ಎಣ್ಣೆಗೆ ತಿಕ್ಕುವುದು, ಇಲ್ಲವೇ ಒದ್ದೆ ಸೆರಗಿಗೆ ಒರೆಸುವುದು, ಆಮೇಲೆ ಒತ್ತುವುದು. ಆ ಸಾಲಿನಲ್ಲಿ ನಿಂತವರೆಲ್ಲ ಹಾಗೇ ಮಾಡುತ್ತಿದ್ದರು. ತಪ್ಪು ಯಂತ್ರದ್ದಿರಬಹುದು ಎಂದು ಅಲ್ಲಿ ಯಾರೂ ಅಂದದ್ದು ಮಹಾಲಕ್ಷ್ಮಿಗೆ ನೆನಪಿಲ್ಲ.

ಕೋಟೆಯ ಆಟ ಕಂಪನಿಗೆ ಬಂದ ದಿನ ಆಕೆಯ ಹೆಬ್ಬೆರಳಿನ ಕೆಳಗೆ ಆ ಮನುಷ್ಯ ಮತ್ತೆ ಮತ್ತೆ ಬಿದ್ದ. ಪಕ್ಕದವರ ಫೋನಿನಲ್ಲಿ ಅವನು ಸಲೀಸಾಗಿ ಹತ್ತುತ್ತಿದ್ದ. ಈ ಆಟ ಮುಗಿದ ಮೇಲೆ ಕೆಲಸ ಪಕ್ಕಾ ಮಾಡುವ ಮಾತು ನಡೆದಿತ್ತು. ತಿಂಗಳು ತಿಂಗಳು ಸಂಬಳ ಬಂದರೆ ಅವ್ವನ ತಲೆಯಿಂದ ಗಾರೆಯ ಬುಟ್ಟಿ ಇಳಿಸಬಹುದು ಎಂಬ ಆಸೆ ಆಕೆಯದು. ಮರುದಿನ ಮಹಾಲಕ್ಷ್ಮಿ ಒದ್ದೆ ಕರವಸ್ತ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೆರಳು ಒರೆಸು, ಒತ್ತು. ಮತ್ತೆ ಒರೆಸು, ಒತ್ತು. ಆಕೆಯ ಅಂಗೈ ಬೆವರುತ್ತದೆ ಎಂದು ಪಕ್ಕದವರು ತಿಳಿದರು, ಹಾಗೇ ತಿಳಿಯಲಿ ಎಂದು ಈಕೆಯೂ ಬಿಟ್ಟಳು. ವರದಿಯಲ್ಲಿ ಬರೆದದ್ದು, ಗೋಡೆ ಹತ್ತುವುದು ಸರಿ ಇದೆ ಎಂದು.

"ಫೋನಿಗೆ ಬೆರಳ ಸೇರದಾಕಿನ್ನ ಆಟ ನೋಡಾಕ ಯಾರ ಇಟಗೋತಾರ್ರಿ? ಅದಕ್ಕ ಮುಚ್ಚಿಟ್ಟೆ," ಎನ್ನುತ್ತಾಳೆ.

ಆಟ ಫೋನುಗಳಿಗೆ ಬಂತು, ಜನ ಮುಗಿಬಿದ್ದರು. ಹಿಂದೆಯೇ ದೂರುಗಳೂ ಬಂದವು: ಗುಂಡಿ ಕೆಲಸ ಮಾಡುತ್ತಿಲ್ಲ, ಗೋಡೆಯಿಂದ ಸುಮ್ಮನೆ ಬೀಳುತ್ತಾನೆ. ಆ ಗುಂಡಿಗಳನ್ನು ಕಟ್ಟಿದ್ದು ಅಪೇಕ್ಷಾ ಎಂಬ ಇದೇ ಊರಿನ ಹುಡುಗಿ. ದಿನಾ ಬೈಗುಳ ಆಕೆಗೇ. ಅಗ್ಗದ ಫೋನುಗಳ ದೋಷವಿರಬೇಕೆಂದು ಒಂದೊಂದೇ ಫೋನು ತರಿಸಿ ನೋಡಿದಳು. ಎಲ್ಲವೂ ಅವಳ ಬೆರಳಿಗೆ ಸರಿಯಾಗೇ ಓಡಿದವು. ಒಂದು ಮಧ್ಯಾಹ್ನ ಅಪೇಕ್ಷಾ ಊಟದ ಡಬ್ಬಿಯನ್ನು ತೆರೆಯದೆ ಮುಂದಿಟ್ಟುಕೊಂಡು ಕೂತುಬಿಟ್ಟಳು.

"ನನಗ ಕಾರಣ ಗೊತ್ತಿತ್ರಿ. ಆಕಿ ಎದುರಿಗೇ ಕುಂತು ಭಾಕರಿ ತಿಂದೆ. ಅದು ಇನ್ನೂ ಗಂಟಲದಾಗ ಐತಿ," ಎನ್ನುವಾಗ ಮಹಾಲಕ್ಷ್ಮಿ ಎರಡೂ ಕೈಗಳನ್ನು ದುಪಟ್ಟಾದೊಳಗೆ ಎಳೆದುಕೊಂಡಿರುತ್ತಾಳೆ.

ಆಡಿದವರು ಬರೆದ ಅಭಿಪ್ರಾಯಗಳಲ್ಲಿ ಕೆಲವು ಕನ್ನಡದವು. ಕಚೇರಿಯಲ್ಲಿ ಕನ್ನಡ ಓದಬಲ್ಲವಳು ಈಕೆ ಒಬ್ಬಳೇ ಆದ್ದರಿಂದ ಅವು ಈಕೆಯ ಪಾಲಿಗೆ ಬಂದವು. ಅವುಗಳಲ್ಲಿ ಒಂದಕ್ಕೆ ಐದಕ್ಕೆ ಐದೂ ನಕ್ಷತ್ರ. ಹೊಗಳಿಕೆ ಎಂದು ದೂರಿನ ಲೆಕ್ಕಕ್ಕೇ ಸೇರದೆ ಉಳಿದಿತ್ತು. ಬರೆದದ್ದು ಇಷ್ಟು: "ಆಟ ಭಾಳ ಚಲೋ ಐತಿ. ಮಗಳ ಬೆರಳಿಗೆ ಓಡತೈತಿ, ನನ್ನ ಬೆರಳಿಗೆ ಓಡಂಗಿಲ್ಲ. ನಂದು ಗೌಂಡಿ ಕೆಲಸ, ಬೆರಳು ಸುಮಾರ ಅದಾವ. ನಿಮ್ಮದೇನೂ ತಪ್ಪಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯಬಂದವರು ತಮ್ಮ ಕಾಲನ್ನೇ ಬೈದುಕೊಳ್ಳುತ್ತಿದ್ದರು. ನೆಲ ಡೊಂಕೆಂದು ಹೇಳುವುದಕ್ಕಾಗಿಯೇ ಸಂಬಳ ಪಡೆಯುತ್ತಿದ್ದವಳು ತೊಡೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಬಾಯಿ ಮುಚ್ಚಿ ಕೂತಿದ್ದಳು. ಆ ಗೌಂಡಿ ಯಾರೋ, ಯಾವ ಊರಿನವನೋ, ರೇಷನ್ ಅಂಗಡಿಯ ಮುಂದಿನ ತನ್ನ ಅವ್ವನ ಹಾಗೆ, ತಪ್ಪು ತನ್ನದೇ ಎಂದು ಕೈ ಮುಗಿದು ನಿಂತಂತಾಯಿತು ಮಹಾಲಕ್ಷ್ಮಿಗೆ. ನಾಚಿಕೆಯಿಂದ ಕುರ್ಚಿಯಲ್ಲೇ ಕುಗ್ಗಿಹೋದಳು.

ಆಮೇಲೆ ಎದ್ದು ಹೋಗಿ ಕರವಸ್ತ್ರವನ್ನು ಅಪೇಕ್ಷಾಳ ಮೇಜಿನ ಮೇಲಿಟ್ಟಳು. ಬೆರಳನ್ನು ಒಣಗಿಸಿಕೊಂಡು ಒತ್ತಿದಳು. ಆ ಮನುಷ್ಯ ಬಿದ್ದ. ಒದ್ದೆ ಮಾಡಿಕೊಂಡು ಒತ್ತಿದಳು, ಹತ್ತಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಪೇಕ್ಷಾ ಮರಾಠಿಯಲ್ಲಿ ಕೇಳಿದಳು. ಒಣಗಿ ಗಡುಸಾದ ಬೆರಳಿನ ಒತ್ತುವಿಕೆ ಗಾಜಿಗೆ ನಡುನಡುವೆ ತಪ್ಪಿಹೋಗುತ್ತಿತ್ತು. ಅರೆಕ್ಷಣ ತಪ್ಪಿದರೂ ಹಿಡಿತ ಉಳಿಯುವಂತೆ ಅಪೇಕ್ಷಾ ಆಟವನ್ನು ತಿದ್ದತೊಡಗಿದಳು. ಆದರೆ ಎರಡು ದಿನ ಈಕೆಯ ಮುಖ ನೋಡಲಿಲ್ಲ. ಕೆಲಸ ಪಕ್ಕಾ ಆಗುವ ಮಾತೂ ಮುಂದಕ್ಕೆ ಹೋಯಿತು, ಇನ್ನೂ ಬಂದಿಲ್ಲ.

"ಮೊದಲಿನ ಸಲಿಗೆ ಈಗಿಲ್ಲ, ಸುಳ್ಳು ಯಾಕೆ ಹೇಳಲಿ," ಎನ್ನುತ್ತಾಳೆ ಅಪೇಕ್ಷಾ. "ಆದರೆ ಈಗ ಅವಳು ಸರಿ ಇದೆ ಎಂದರೆ ನಾನು ಎರಡನೇ ಸಲ ನೋಡುವುದಿಲ್ಲ." ನಾಕಾಕ್ಕೆ ಹೋಗಿ ದುಡಿಯುವ ಕೈಗಳಲ್ಲಿ ಫೋನು ಇಟ್ಟು ನೋಡುತ್ತೇನೆ ಎಂದು ಕೇಳಿಕೊಂಡವಳು ಮಹಾಲಕ್ಷ್ಮಿಯೇ. ಕಚೇರಿ ತೆರೆಯುವ ಮೊದಲಿನ ಈ ದುಡಿಮೆಗೆ ಬೇರೆ ಸಂಬಳವಿಲ್ಲ.

"ಶಾಬಾಸ್ ಅಂತ ಏನೂ ಬರೀಬ್ಯಾಡ್ರಿ," ಎಂದು ಆಕೆ ಮೊದಲೇ ತಾಕೀತು ಮಾಡುತ್ತಾಳೆ. "ಆ ಗೌಂಡಿ ಅಣ್ಣಗ ಒಂದು ಮಾತು ಹೇಳಬೇಕಿತ್ತು ನೋಡ್ರಿ, ಅಷ್ಟ." ಅದೂ ಆಕೆಯ ಕೈಯಲ್ಲಿಲ್ಲ. ಉತ್ತರ ಬರೆಯುವ ಅಧಿಕಾರ ಪರದೇಶದಲ್ಲಿರುವ ಆಟದ ಒಡೆಯರದು. ಐದು ನಕ್ಷತ್ರ ಕೊಟ್ಟವರಿಗೆಲ್ಲ ತಾನಾಗಿ ಹೋಗುವ "ಧನ್ಯವಾದ, ಆಡುತ್ತಿರಿ" ಎಂಬ ಸಾಲು ಅವನಿಗೂ ಹೋಗಿದೆ.

ಭಾನುವಾರ, ನಾಸಿಕ. ಅರ್ಧ ಎದ್ದ ಕಟ್ಟಡದ ನೆರಳಲ್ಲಿ ಹೆಣ್ಣಾಳುಗಳು ಊಟ ಮುಗಿಸಿ ಕಾಲು ಚಾಚಿದ್ದಾರೆ. ಮಗಳು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾಳೆ ಎಂದೇ ಗುಂಡವ್ವ ಇವರೆಲ್ಲರಿಗೂ ಹೇಳುತ್ತ ಬಂದಿದ್ದರು. ಆಟ ಆಡುತ್ತಾಳೆ ಎಂದು ಹೇಗೆ ಹೇಳುವುದು? ಇವತ್ತು ಮಹಾಲಕ್ಷ್ಮಿ ಎಲ್ಲರ ಎದುರಿಗೇ ತಿದ್ದಿದ ಆಟವಿರುವ ಫೋನನ್ನು ತಾಯಿಯ ಮುಂದೆ ಹಿಡಿಯುತ್ತಾಳೆ. ಗುಂಡವ್ವನ ಹೆಬ್ಬೆರಳು ಅಭ್ಯಾಸದಂತೆ ಬೈತಲೆಯ ಕಡೆಗೆ ಹೋಗುತ್ತದೆ. ಮಗಳು ಆ ಕೈಯನ್ನು ನಡುವೆಯೇ ಹಿಡಿಯುತ್ತಾಳೆ.

"ತಿಕ್ಕಬ್ಯಾಡ ಯವ್ವಾ. ಹಂಗ ಒತ್ತು."

ಗುಂಡವ್ವ ಒತ್ತುತ್ತಾರೆ. ಆ ಮನುಷ್ಯ ಹತ್ತುತ್ತಾನೆ, ಹತ್ತುತ್ತಾನೆ, ಇನ್ನೇನು ಗೋಡೆಯ ತುದಿಗೆ ಕೈ ಹಾಕಬೇಕು ಎನ್ನುವಾಗ ಜಾರಿ ಬೀಳುತ್ತಾನೆ. ಹೆಂಗಸರು ನಗುತ್ತಾರೆ. ಗುಂಡವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಾರೆ.

"ನನ್ನ ಬೆರಳ ಸುಮಾರೈತಿ, ಬಿಡವಾ."

ಮಹಾಲಕ್ಷ್ಮಿ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ: "ಬೆರಳ ನೆಟ್ಟಗೈತಿ ಯವ್ವಾ. ಸುಮಾರಿರೋದು ನನ್ನ ಕೆಲಸ. ಕೈ ಹೊರಗ ತಗಿ, ಇನ್ನೊಮ್ಮೆ ಒತ್ತು."