ಗ್ರಹಣದ ದಿನ ಹಾಕಿದ ಗಂಟು

1980ರ ಫೆಬ್ರವರಿಯಲ್ಲಿ ಸೂರ್ಯಗ್ರಹಣವಾದಾಗ ನಾನು ಐದು ತಿಂಗಳ ಬಸುರಿ. ಬನಹಟ್ಟಿಯ ನಮ್ಮ ನೇಕಾರರ ಮನೆಯಲ್ಲಿ ಅವತ್ತು ಮಗ್ಗ ನಿಲ್ಲಿಸಿ ನನ್ನನ್ನು ಒಳಗೆ ಕೂರಿಸಿದ್ದರು. ಬಸುರಿ ಏನನ್ನೂ ಕತ್ತರಿಸಬಾರದು, ಗಂಟು ಹಾಕಬಾರದು. ನನ್ನ ಕೈ ಸುಮ್ಮನಿರಬೇಕಲ್ಲ! ಮಗ್ಗದ ಮೇಲೆ ಹರಿದ ಎಳೆಯೊಂದು ಕಣ್ಣಿಗೆ ಬಿತ್ತು. ಮೆಲ್ಲನೆ ಎದ್ದು ಹೋಗಿ ಗಂಟು ಹಾಕಿ ಬಂದು ಕೂತೆ.

ಜೂನ್‌ನಲ್ಲಿ ಮಗಳು ಹುಟ್ಟಿದಳು. ಬಲಗೈಯ ನಡುವಿನ ಎರಡು ಬೆರಳು ಅಂಟಿಕೊಂಡಿದ್ದವು. ಅದು ನಾನು ಹಾಕಿದ ಗಂಟೇ ಎಂದುಕೊಂಡೆ, ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಐದನೇ ದಿನ ಯಜಮಾನರು ನೂಲು ತರಲು ಹೋಗಿದ್ದಾಗ ಅತ್ತೆ ಸೂಲಗಿತ್ತಿಯನ್ನು ಕರೆಸಿದರು. ನೋಡಿದರೆ ಬಿಸಿನೀರಿನಲ್ಲಿ ಹೊಸ ಬ್ಲೇಡು!

"ಬರೇ ತೊಗಲ ಐತಿ. ಈಗ ಬಿಡಿಸಿದ್ರ ಕೂಸಿಗೆ ಗೊತ್ತಾಗೂದಿಲ್ಲ. ಕೈ ಗಟ್ಟಿ ಹಿಡಿ" ಎಂದರು ಅತ್ತೆ.

ಸೂಲಗಿತ್ತಿ ಆಗಲೇ ಕೂಸಿನ ಮುಷ್ಟಿ ಬಿಡಿಸಿದ್ದಳು.

"ಬ್ಯಾಡ್ರೀ ಅತ್ತಿ!" ಎಂದು ಕಿರುಚಿ ಮಗಳನ್ನು ಕಸಿದುಕೊಂಡೆ. ಬಾಣಂತಿ ಹೊಸ್ತಿಲು ದಾಟಬಾರದೆಂಬುದು ಆಗ ಯಾರಿಗೆ ನೆನಪು? ತಲೆಗೆ ಸೆರಗು ಸುತ್ತಿ ಜಮಖಂಡಿ ಬಸ್ಸು ಹತ್ತಿದೆ. ಅತ್ತೆ ಬೈಯುತ್ತಲೇ ಹಿಂದೆ ಹತ್ತಿದರು.

ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಕೂಸಿನ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಬ್ಲೇಡಿನ ಸುದ್ದಿ ಕೇಳಿ, "ಬೆರಳ ಹೋಗ್ತಿದ್ವು, ರಕ್ತ ನಿಲ್ತಿರಲಿಲ್ಲ!" ಎಂದು ಗದರಿದರು. ನನಗೆ ತಡೆಯಲಾಗಲಿಲ್ಲ. ಗಂಟಿನ ವಿಷಯ ಹೇಳಿ ಅತ್ತುಬಿಟ್ಟೆ.

"ಗ್ರಹಣದಾಗ ಎಷ್ಟ ತಿಂಗಳಾಗಿತ್ತು?"

"ಐದ್ರಿ."

"ಬೆರಳ ಬಿಡೂದು ಎರಡನೇ ತಿಂಗಳದಾಗ. ಮೊದಲ ಕೈ ತಟ್ಟಿದ ರೊಟ್ಟಿ ಹಂಗ ಇರತೈತಿ. ನಡುವಿನ ಜೀವಕೋಶ ತಮ್ಮ ಹೊತ್ತಿಗೆ ತಾವ ಸಾಯತಾವ, ಬೆರಳ ಬ್ಯಾರೆ ಆಗತಾವ. ಇಲ್ಲಿ ಅವು ಸಾಯಲಿಲ್ಲ, ಅಷ್ಟ. ನಿನ್ನ ಗಂಟಿಗೂ ಇದಕ್ಕೂ ಸಂಬಂಧ ಇಲ್ಲ."

"ಕೂಸಿನ ಮುಂದ ಸಾಯೂ ಮಾತ್ಯಾಕ್ರೀ?" ಅತ್ತೆ ಸಿಡುಕಿದರು.

"ಅವು ಸತ್ರನ ಕೈ ಆಗೂದು, ಯವ್ವಾ. ನಿನ್ನ ಕೈನೂ ಹಂಗ ಆಗಿದ್ದು. ವರ್ಷ ತುಂಬಲಿ, ಆಪರೇಶನ್ ಮಾಡಸೂಣು."

ಅತ್ತೆ ತಮ್ಮ ಬೆರಳು ಅಗಲಿಸಿ ನೋಡಿಕೊಂಡರು. ಮರಳುವ ಬಸ್ಸಿನಲ್ಲಿ ನನ್ನ ಕಡೆ ನೋಡದೆಯೇ ಹೇಳಿದರು: "ನೀ ಗಂಟ ಹಾಕೂದು ನಾ ನೋಡಿದ್ದೆ. ಸೀರಿ ಕೆಡಬಾರದಂತ ಸುಮ್ಮನಿದ್ದೆ. ನನ್ನ ಪಾಪಾನ ಕೂಸಿನ ಕೈಗೆ ಬಂದೈತಿ ಅಂದಕೊಂಡಿದ್ದೆ. ಅದಕ್ಕ ಯಾರಿಗೂ ಗೊತ್ತಾಗೂಕಿಂತ ಮೊದಲ ಬಿಡಿಸಿಬಿಡೂಣಂತ ಬ್ಲೇಡ ತರಿಸಿದ್ದೆ."

ಆಪರೇಶನ್ ಆಯಿತು. ಮಗಳೀಗ ನನಗಿಂತ ಚುರುಕಾಗಿ ಎಳೆಗೆ ಗಂಟು ಹಾಕುತ್ತಾಳೆ. ಆ ಐದು ದಿನ ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಅದೇ ಭಯ ನುಂಗಿಕೊಂಡು ಕೂತಿದ್ದೆವು. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಬ್ಲೇಡು ಮನೆಯೊಳಗೆ ಬರುತ್ತಿರಲಿಲ್ಲ.