ಬರೀ ಮೂಳೆ-ಮಾಂಸದ ನೋವು

ಬೆಳಗಿನ ಐದೂವರೆ. ತುರ್ತು ಚಿಕಿತ್ಸಾ ವಾರ್ಡಿನ ಬಾಗಿಲಿಗೆ ಸ್ಟ್ರೆಚರ್ ಬಂದಿದೆ. ಮೇಲೆ ಎದೆ ಹಿಡಿದುಕೊಂಡು ಮಲಗಿದ ದಢೂತಿ ಲಾರಿ ಚಾಲಕ. "ಅಣ್ಣಾ, ನನ್ನ ಕತ್ತಿಗೆ ಕೈ ಹಾಕಿ, ಉಸಿರು ಬಿಗಿ ಹಿಡೀಬೇಡಿ," ಎನ್ನುತ್ತಲೇ ಆಯಾ ಒಬ್ಬರು ಆತನನ್ನು ಮಂಚಕ್ಕೆ ದಾಟಿಸುತ್ತಾರೆ. ಆಯಾರ ಬಲಗೈ ಮುಂದಿದ್ದರೂ ಭಾರವೆಲ್ಲ ಎಡಗೈ ಮೇಲೆ. ನೋಡುವವರಿಗೆ ಗೊತ್ತಾಗುವುದಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಚೀಟಿಯಲ್ಲಿ ಉದ್ದದ ಪದವೊಂದನ್ನು ಗೀಚಿ ಹೋಗುತ್ತಾರೆ: ಮಸ್ಕ್ಯುಲೋಸ್ಕೆಲಿಟಲ್. ಚಾಲಕನ ಹೆಂಡತಿಯ ಮುಖದಲ್ಲಿ ರಕ್ತವಿಲ್ಲ. "ಹೆದರ್ಕೋಬೇಡಮ್ಮ. ಹೃದಯದ್ದಲ್ಲ ಅಂತ ಅದರರ್ಥ. ಬರೀ ಮೂಳೆ-ಮಾಂಸದ ನೋವು. ಮನೆಗೆ ಕರ್ಕೊಂಡು ಹೋಗು." ಆಯಾ ಹೀಗೆ ಹೇಳಿದ ಮೇಲೆಯೇ ಆಕೆಗೆ ಹೋದ ಜೀವ ಬಂದಂತಾಗುವುದು.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಇವರು 'ಎತ್ತೋ ಅಕ್ಕ'. ಓದು ಆರನೇ ಕ್ಲಾಸಿಗೇ ನಿಂತಿದೆ. ಚೀಟಿಯ ಆ ಉದ್ದದ ಪದ ನಾಲಿಗೆ ಮೇಲೆ ಕೂರಲು ಎರಡು ವರ್ಷ ಬೇಕಾಯಿತಂತೆ. ಪಾಳಿಗೆ ಮೂವತ್ತು, ಮೂವತ್ತೈದು ಜನರನ್ನು ಎತ್ತಬೇಕು, ಇಳಿಸಬೇಕು, ಮಗ್ಗುಲು ಬದಲಿಸಬೇಕು. ಇಬ್ಬರ ಕೆಲಸಕ್ಕೆ ಒಬ್ಬರೇ ಉಳಿದು ಐದು ವರ್ಷವಾಯಿತು. ಮನೆಗೆ ಹೋದರೆ ಲಕ್ವ ಹೊಡೆದ ಗಂಡ; ಅವರನ್ನು ಎತ್ತಿ ಕೂರಿಸುವವರೂ ಇವರೇ. "ಅಲ್ಲಿ ಸಂಬಳಕ್ಕೆ, ಇಲ್ಲಿ ಪುಗಸಟ್ಟೆ," ಎಂದು ಗಂಡನೇ ಛೇಡಿಸುತ್ತಾರೆ. ಅಕ್ಕ ನಗುತ್ತಾರೆ.

ವರ್ಷಕ್ಕೊಮ್ಮೆ ಸಿಬ್ಬಂದಿಯ ಆರೋಗ್ಯ ತಪಾಸಣೆ. ಅಲ್ಲಿ ಅದೇ ಪದಕ್ಕೆ ಬೇರೆ ಬಳಕೆ. ಆಯಾಗಳ ಚೀಟಿಯಲ್ಲಿ ಅದು ಬಿತ್ತೋ, ಗುತ್ತಿಗೆ ಮುಂದುವರಿಯುವುದಿಲ್ಲ. "ರೋಗಿಗೂ ಮನೆಗೆ ಹೋಗು ಅನ್ನತ್ತೆ, ನಮಗೂ ಮನೆಗೆ ಹೋಗು ಅನ್ನತ್ತೆ. ಅವರು ನಗ್ತಾ ಹೋಗ್ತಾರೆ, ಅಷ್ಟೇ ವ್ಯತ್ಯಾಸ," ಎನ್ನುತ್ತಾರೆ ಅಕ್ಕ. ಎತ್ತಿಸಿ ಎತ್ತಿಸಿ ಭುಜ ತಿಂದವರೇ ಭುಜ ಸರಿಯಿಲ್ಲವೆಂದು ಹೊರಗಟ್ಟುವುದು ಯಾವ ನ್ಯಾಯವೋ ಕಾಣೆ. ಮೂರು ವರ್ಷ ಅಕ್ಕ ಬಲಭುಜದ ನೋವು ಮುಚ್ಚಿಟ್ಟು, ಹಲ್ಲು ಕಚ್ಚಿಕೊಂಡು ಕೈ ಎತ್ತಿ ತೋರಿಸಿ ಪಾರಾಗಿದ್ದಾರೆ.

ಈ ಸಲದ ತಪಾಸಣೆ ಇವತ್ತು ಹತ್ತು ಗಂಟೆಗೆ. ಮೊನ್ನೆ ಮುದುಕಿಯೊಬ್ಬರನ್ನು ಎತ್ತುವಾಗ ಬಲಗೈಯೇ ಕೈಕೊಟ್ಟಿತು. ಅವರು ಜಾರಿದರು, ಅಕ್ಕ ಮಂಡಿಯೂರಿ ತಮ್ಮ ತೊಡೆಯ ಮೇಲೆ ತಡೆದುಕೊಂಡರು. ಮುದುಕಿಗೆ ಏನೂ ಆಗಲಿಲ್ಲ. ಅಕ್ಕನಿಗೆ ಮಾತ್ರ ಅಂದಿನಿಂದ ಊಟ ಸೇರುತ್ತಿಲ್ಲ.

"ಇವತ್ತು ಕೈ ಎತ್ತಲ್ಲ. ಆಗಲ್ಲ ಅಂತ ನಾನೇ ಹೇಳ್ತೀನಿ. ಬರ್ಕೊಳ್ಳಲಿ."

ಆಮೇಲೆ ಮನೆ ನಡೆಯುವುದು ಹೇಗೆ ಎಂದು ಕೇಳಿದರೆ, ಅಕ್ಕ ಭುಜ ಒತ್ತಿಕೊಳ್ಳುತ್ತಾ ಖಾಲಿ ಸ್ಟ್ರೆಚರನ್ನು ಗೋಡೆಗೆ ಸರಿಸುತ್ತಾರೆ.

"ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ನೆಲಕ್ಕೆ ಬೀಳಿಸಿಲ್ಲ ರೀ. ಬೀಳಿಸಿ ಹೋದಳು ಅನ್ನಿಸ್ಕೊಳ್ಳದೆ ಹೋಗ್ಬೇಕು, ಅಷ್ಟೇ ನನ್ನಾಸೆ."