ಪ್ರೈವೇಟ್ ಲೈಸೆನ್ಸಿನ ಪೈಲಟ್

ಎಪ್ಪತ್ತರ ದಶಕದಲ್ಲಿ ನಾನು ಸಫ್ದರ್‌ಜಂಗ್ ಏರೋಡ್ರೋಮಿನಲ್ಲಿ ವಿಮಾನ ಹಾರಿಸಲು ಕಲಿತು ಪ್ರೈವೇಟ್ ಲೈಸೆನ್ಸ್ ಪಡೆದೆ. ಅದನ್ನಿಟ್ಟುಕೊಂಡು ಸಂಬಳಕ್ಕೆ ಹಾರಿಸುವಂತಿಲ್ಲ. ಅದಕ್ಕೆ ಕಮರ್ಷಿಯಲ್ ಲೈಸೆನ್ಸೇ ಬೇಕು. ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪ ಮಾತ್ರ, "ಮಗ ಪೈಲಟ್ ಆದ" ಎಂದು ಆರ್.ಕೆ. ಪುರಂ ಕ್ವಾರ್ಟರ್ಸಿಗೆಲ್ಲ ಲಡ್ಡು ಹಂಚಿದರು. ಅವರ ಮುಖ ನೋಡಿ ನಾನು ತಿದ್ದಲಿಲ್ಲ.

ಕರೋಲ್ ಬಾಗಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯೇ ಕೇಳಿದಳು: "ನಿಮ್ಮದು ಪ್ರೈವೇಟೋ, ಕಮರ್ಷಿಯಲ್ಲೋ?"

"ಪ್ರೈವೇಟ್."

"ಅಚ್ಛಾ. ಹಾಗಾದ್ರೆ ಕೆಲಸ?"

ಅಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಲೈಸೆನ್ಸಲ್ಲಿ ಎರಡು ತರಹ ಇರತ್ತೆ ಅಂತ ನಂಗೆ ಗೊತ್ತಿರಲಿಲ್ಲಮ್ಮ, ತಪ್ಪು ನಂದೇ" ಎಂದು ಆ ಹುಡುಗಿಯ ಕ್ಷಮೆ ಕೇಳಿದರು.

ತಪ್ಪು ನನ್ನದೆಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ.